ಅಮಾವಾಸ್ಯೆಯ ದಿನ ಗ್ರಾನೈಟ್ ಅಂಗಡಿಯಲ್ಲಿ

ನಾಗಲದಿನ್ನೆಯಲ್ಲಿ ಗೋಡೆ ಏಳುವ ತನಕ ಯಾರೂ ಏನೂ ಅನ್ನುವುದಿಲ್ಲ. ಅಡಿಗೆ ಕಟ್ಟೆಗೆ ಯಾವ ಕಲ್ಲು ಎಂದು ಬಾಯಿತಪ್ಪಿ ಕೇಳಿದಿರೋ, ಊರಿಗೆ ಊರೇ ಇಂಜಿನಿಯರು. ನಮ್ಮತ್ತೆಗೆ ಕಡಪಾ ಕಲ್ಲೇ ಆಗಬೇಕು. ಅವರ ತವರಿನಲ್ಲಿ ಅದೇ ಇತ್ತು, ವಾದ ಮುಗಿಯಿತು. ಭಾವಮೈದುನನಿಗೆ ಬೇತಂಚೆರ್ಲಾ ಬಂಡೆ, ಯಾಕೆಂದರೆ ಅಗ್ಗ. ಹೈದರಾಬಾದಿನಲ್ಲಿ ಫ್ಲಾಟು ಕೊಂಡ ಷಡ್ಡಕರು ಫೋನಿನಲ್ಲೇ, ‘ಈಗ ಎಲ್ಲಾರೂ ಕ್ವಾರ್ಟ್ಜ್ ಹಾಕಸ್ತಾರ್ರೀ’ ಎಂದು ನಮ್ಮ ಹಳ್ಳಿತನಕ್ಕೆ ಮರುಗಿದರು. ಮೇಸ್ತ್ರಿಗೆ ಇಷ್ಟವಾದದ್ದು ಅವನ ಪರಿಚಯದ ಅಂಗಡಿಯಲ್ಲಿ ಯಾರಿಗೂ ಬೇಡವಾಗಿ ಉಳಿದ ಗುಲಾಬಿ ಬಣ್ಣದ್ದು.

ನಮ್ಮಾಕೆಯ ಷರತ್ತು ಒಂದೇ: ಕಲೆ ಕೂಡಬಾರದು. 2009ರ ಅಕ್ಟೋಬರಿನಲ್ಲಿ ಸೇತುವೆಯನ್ನೇ ಎಳೆದುಕೊಂಡು ಹೋದ ತುಂಗಭದ್ರೆ ಪಕ್ಕದಲ್ಲೇ ಹರಿಯುತ್ತಿದ್ದಾಳೆ. ನಾವು ಹೆದರಿದ್ದು ಅರಿಶಿನದ ಕಲೆಗೆ!

ಇನ್ನೊಬ್ಬರ ಮಾತು ನಂಬುವ ಜಾತಿ ನನ್ನದಲ್ಲ. ಒಂದು ಸ್ಟೀಲ್ ಡಬ್ಬಿಯಲ್ಲಿ ನಿಂಬೆಹಣ್ಣು, ಅರಿಶಿನಪುಡಿ, ಹುಣಸೆರಸ, ಶೇಂಗಾ ಎಣ್ಣೆ ತುಂಬಿಕೊಂಡು ಆದೋನಿಯ ಗ್ರಾನೈಟ್ ಅಂಗಡಿಗೆ ಹೋದೆ. ಅಂಗಳದಲ್ಲಿ ತುಂಡುಕಲ್ಲುಗಳನ್ನು ಸಾಲಾಗಿ ಹಾಸಿ, ಮುಂದೆ ಕುಕ್ಕರುಗಾಲಲ್ಲಿ ಕೂತೆ. ಪ್ರತಿ ಕಲ್ಲಿಗೂ ಒಂದೊಂದು ಚಿಟಿಕೆ ಅರಿಶಿನ, ನಾಲ್ಕು ಹನಿ ಎಣ್ಣೆ, ಮೇಲೆ ಅರ್ಧ ನಿಂಬೆಹೋಳು ಬೋರಲು. ಹೊತ್ತು ನೋಡಿಕೊಳ್ಳಲು ಕಣ್ಣು ಮುಚ್ಚಿ ಒಂದು, ಎರಡು, ಮೂರು ಎಂದು ಗೊಣಗತೊಡಗಿದೆ. ಅಂದು ಅಮಾವಾಸ್ಯೆ ಎಂಬುದು ನನಗೆ ಹೊಳೆದಿರಲೇ ಇಲ್ಲ.

ಕಣ್ಣು ಬಿಟ್ಟಾಗ ಹಮಾಲಿಗಳು ದೂರ ಸರಿದು ನಿಂತಿದ್ದರು. ಆಟೋದವನೊಬ್ಬ ಚಪ್ಪಲಿ ಬಿಟ್ಟು ಕೈಮುಗಿದಿದ್ದ. ಕಡಪಾ ತುಂಡಿನ ಮೇಲೆ ಯಾರೋ ಐದು ರೂಪಾಯಿ ಇಟ್ಟಿದ್ದರು. ಮಾಲೀಕ ಮಾತ್ರ ಬೆವರುತ್ತಿದ್ದ.

‘ಅಣ್ಣಾ, ಯಾರು ಕಳಿಸ್ಯಾರ ನಿಮ್ಮನ್ನ? ಎದುರಿನ ಅಂಗಡಿಯೋರಾ?’

‘ಇಲ್ಲಪ್ಪಾ, ಕಲ್ಲು ತಗೊಳ್ಳಾಕ ಬಂದೀನಿ.’

‘ತಗೊಳ್ಳೋರು ರೇಟು ಕೇಳ್ತಾರ್ರೀ, ನಿಂಬೆಹಣ್ಣು ಕೊಯ್ಯೋದಿಲ್ಲ.’

ರಸಾಯನಶಾಸ್ತ್ರ ವಿವರಿಸಹೊರಟೆ. ‘ಆಮ್ಲ’ ಎಂದೊಡನೆ ಇನ್ನಿಬ್ಬರು ಹಿಂದೆ ಸರಿದರು. ಅಷ್ಟರಲ್ಲಿ ಒಬ್ಬಾಕೆ ಮಗುವನ್ನೆತ್ತಿಕೊಂಡು ಬಂದು, ‘ಯಪ್ಪಾ, ರಾತ್ರಿಯೆಲ್ಲಾ ಅಳ್ತೈತಿ, ಒಂದು ಹೋಳು ಕೊಡ್ರಿ’ ಅಂದಳು. ಏನು ಮಾಡಲಿ? ಕೊಟ್ಟೆ. ಕೊಡುವಾಗ ಮುಖವನ್ನು ಕೊಂಚ ಗಂಭೀರ ಮಾಡಿಕೊಂಡದ್ದೂ ನಿಜ. ಆ ಗೌರವ ನನಗೆ ನನ್ನ ಮನೆಯಲ್ಲಿ ಎಂದೂ ಸಿಕ್ಕಿದ್ದಲ್ಲ.

ಹೋಳು ಎತ್ತಿ ನೋಡಿದರೆ ಕಡಪಾ ಕಲ್ಲಿನ ಹೊಳಪು ಹೋಗಿ ದುಂಡನೆಯ ಬಿಳಿ ಮಚ್ಚೆ. ಬೇತಂಚೆರ್ಲಾ, ಶಹಾಬಾದಿ, ಮಾರ್ಬಲ್‌ಗಳದ್ದೂ ಅದೇ ಗತಿ. ಎಲ್ಲವೂ ಸುಣ್ಣದ ವಂಶ, ಹುಳಿ ಕಂಡರೆ ಕರಗುತ್ತವೆ. ತಿಳಿಬಣ್ಣದ ಗ್ರಾನೈಟು ಹುಳಿಗೆ ಜಗ್ಗಲಿಲ್ಲ, ಎಣ್ಣೆ ಕುಡಿಯಿತು. ಏನೂ ಆಗದೆ ಉಳಿದದ್ದು ಚೀಮಕುರ್ತಿಯ ಬ್ಲ್ಯಾಕ್ ಗ್ಯಾಲಕ್ಸಿ, ಕರಿ ಮೈಯಲ್ಲಿ ಬಂಗಾರದ ಚುಕ್ಕೆಯದು. ಭೂವಿಜ್ಞಾನಿಗಳ ಲೆಕ್ಕದಲ್ಲಿ ಅದು ಗ್ರಾನೈಟೇ ಅಲ್ಲ, ಗ್ಯಾಬ್ರೊ. ಇರಲಿ, ಸಾರು ಚೆಲ್ಲಿದರೆ ಒರೆಸಿದರಾಯಿತು. ಬಚ್ಚಲಿನ ಬೇಸಿನ್ನಿಗೆ ಅತ್ತೆಯ ಕಡಪಾ, ಆಸಿಡ್ ಹಾಕಿ ತೊಳೆಯಬಾರದೆಂಬ ಕರಾರಿನ ಮೇಲೆ.

ಷಡ್ಡಕರ ಕ್ವಾರ್ಟ್ಜ್ ಕಲೆ ಹಿಡಿಯದು, ಒಪ್ಪಿದೆ. ಆದರೆ ಕಲ್ಲಿನ ಪುಡಿಯನ್ನು ರಾಳದಲ್ಲಿ ಅಂಟಿಸಿದ ಮಾಲು ಅದು. ಕಾದ ಬಾಣಲೆ ಇಟ್ಟರೆ ಸುಡುತ್ತದೆ. ಅದರಲ್ಲಿ ಸಿಲಿಕಾ ವಿಪರೀತ. ಕೊಯ್ಯುವ ಕೆಲಸಗಾರರ ಶ್ವಾಸಕೋಶ ಹಾಳಾಗುತ್ತದೆಂದು ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿತು. ನಮ್ಮ ಗ್ರಾನೈಟಿನ ಧೂಳೂ ಸಾಧುವಲ್ಲ. ಸಿಂಕಿನ ತೂತು ಕೊಯ್ಯಲು ಬಂದ ಹುಡುಗ ಮೂಗಿಗೆ ಕರವಸ್ತ್ರ ಕಟ್ಟಿ, ಒಣಕಲ್ಲಿಗೇ ಮಷಿನ್ ಹಚ್ಚಿದ. ಕ್ಷಣದಲ್ಲಿ ಅವನ ರೆಪ್ಪೆಗಳೆಲ್ಲ ಬೂದಿ. ‘ನೀರು ಹಾಕ್ಕೊಂಡು ಕೊಯ್ಯೋ ತಮ್ಮಾ’ ಅಂದರೆ, ‘ಗೋಡೆಗೆ ಸಿಡಿದ್ರ ಮನಿಯೋರು ಬೈತಾರ್ರೀ’ ಅಂದ.

ಮನೆಯವರು ಎಂದರೆ ನಾವೇ. ನಿಮ್ಮಲ್ಲಿ ಕಲ್ಲು ಕೊಯ್ಯುವ ದಿನ ಗೋಡೆ ಕೆಟ್ಟರೂ ಚಿಂತೆಯಿಲ್ಲ, ಮಷಿನ್ನಿನ ಬಾಯಿಗೆ ನೀರಿನ ಪೈಪು ನೀವೇ ಹಿಡಿದುಕೊಳ್ಳಿ. ಸುಣ್ಣ ಮತ್ತೆ ಬಳಿಸಬಹುದು.