ಮೊದಲು ಕೋಣೆ, ಆಮೇಲೆ ಸ್ಪೀಕರು

ಬನ್ನಿ ರಾಯರೇ, ಕಾಂಪೌಂಡಿನ ಈ ಕಡೆ ನೆರಳಿದೆ. ನೀವು ಕೊಟ್ಟ ಪಟ್ಟಿ ನೋಡಿದೆ. ಆಂಪ್ಲಿಫೈಯರ್‌ಗೇ ಒಂದೂಮುಕ್ಕಾಲು ಲಕ್ಷ, ಸ್ಪೀಕರ್‌ಗೆ ಒಂದೂಕಾಲು, ಮಿಕ್ಕಿದ್ದು ಸಿಡಿ ಪ್ಲೇಯರು, ಕೇಬಲ್ಲು. ಒಟ್ಟು 4 ಲಕ್ಷ. ರಿಟೈರಾದ ಮೇಲೆ ಸಂಗೀತ ಕೇಳೋಕೆ ಅಂತ ಇಷ್ಟು ದುಡ್ಡು ಎತ್ತಿಟ್ಟಿದ್ದೀರಲ್ಲ, ನಿಜವಾಗಿ ಸಂತೋಷವಾಯ್ತು. ಆದರೆ ಪಟ್ಟೀಲಿ ನಿಮ್ಮ ಕೋಣೆಯ ಹೆಸರೇ ಇಲ್ಲ.

ಆ ಮುಂದಿನ ಕೋಣೆ ಹನ್ನೆರಡಡಿ ಉದ್ದ, ಹತ್ತಡಿ ಅಗಲ ಅಲ್ವೇ? ಗ್ರಾನೈಟ್ ನೆಲ, ಬರೀ ಗೋಡೆ, ಒಂದು ಕಡೆ ದೊಡ್ಡ ಗಾಜಿನ ಕಿಟಕಿ. ಒಳಗೆ ನಿಂತು ಒಂದು ಚಪ್ಪಾಳೆ ಹೊಡೀರಿ. ಠಣ್ ಅಂತ ಒಂದು ಬಾಲ ಉಳಿಯುತ್ತಲ್ಲ, ನೀವು ಹಾಕೋ ಪ್ರತಿ ಸ್ವರಕ್ಕೂ ಅದು ಅಂಟ್ಕೊಳ್ಳುತ್ತೆ. ಎಷ್ಟು ಬೆಲೆಯ ಆಂಪ್ಲಿಫೈಯರ್ ತಂದರೂ ಅದು ಹೋಗೋಲ್ಲ. ತಗ್ಗಿನ ನಾದದ್ದು ಇನ್ನೊಂದು ತೊಂದರೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತೆ. ಹನ್ನೆರಡಡಿ ಅಂತರದ ಎರಡು ಗೋಡೆ ಮಧ್ಯೆ ಅದು 47 ಹರ್ಟ್ಸ್ ಸುಮಾರಿಗೆ ಒಮ್ಮೆ, 94ರ ಹತ್ರ ಇನ್ನೊಮ್ಮೆ ಕಟ್ಕೊಂಡು ಮೊರೆಯುತ್ತೆ. ಮೃದಂಗದ ತೊಪ್ಪಿಯ ಒಂದು ಪೆಟ್ಟು ಉಬ್ಬಿ ಮುಂದಿನ ಪೆಟ್ಟಿನ ಮೇಲೇ ಬೀಳುತ್ತೆ. ಗುಮ್ಕಿ ಎಲ್ಲಿ ಎದ್ದಿತು, ಎಲ್ಲಿ ಇಳೀತು ತಿಳಿಯೋದೇ ಇಲ್ಲ. ಸ್ಪೀಕರನ್ನ ಮೂಲೆಗೆ ತಳ್ಳಿದಷ್ಟೂ ಇದು ಜಾಸ್ತಿ. ನಿಮ್ಮವು ಈಗ ಎರಡೂ ಮೂಲೇಲೇ ಇವೆ.

ಅದಕ್ಕೇ ಮೊದಲ ದುಡ್ಡು ಕೋಣೆಗೆ ಹಾಕಿ ಅನ್ನೋದು. ಕಿಟಕಿಗೆ ದಪ್ಪ ಪರದೆ ಹಾಕಿಸಿ. ನೆಲಕ್ಕೆ ನವಲಗುಂದದ ಜಮಖಾನೆ ಹಾಸಿ, ನೋಡೋಕೂ ಚೆಂದ. ಆದರೆ ಅದು ತೆಳು, ಮೇಲಿನ ಸ್ವರದ ಠಣಠಣವನ್ನಷ್ಟೇ ಹೀರುತ್ತೆ. ಬೇಸ್ ತಗ್ಗಿಸೋಕೆ ದಪ್ಪದ್ದೇ ಬೇಕು. ಅಟ್ಟದ ಮೇಲಿರೋ ಹಳೇ ಹತ್ತಿ ಹಾಸಿಗೆಗಳನ್ನ ಸುತ್ತಿ ಮೂಲೆಗಳಲ್ಲಿ ನಿಲ್ಲಿಸಿದರೂ ಸ್ವಲ್ಪ ಸುಧಾರಿಸುತ್ತೆ. ಪುಸ್ತಕದ ಕಪಾಟು ನೀವು ಕೂರೋ ಕಡೆಯ ಹಿಂಗೋಡೆಗೆ ಬರಲಿ. ಸಣ್ಣ ದೊಡ್ಡ ಪುಸ್ತಕಗಳ ಏರುತಗ್ಗು ಶಬ್ದವನ್ನ ಚದುರಿಸುತ್ತೆ. ಸ್ಪೀಕರುಗಳು ಗೋಡೆಯಿಂದ ಎರಡಡಿಯಾದರೂ ಮುಂದೆ ಇರಲಿ, ಟ್ವೀಟರ್ ಕೂತವರ ಕಿವಿಯ ಮಟ್ಟಕ್ಕೆ ಬರಲಿ. ಎರಡು ಸ್ಪೀಕರು, ನಿಮ್ಮ ಕುರ್ಚಿ, ಮೂರೂ ಸೇರಿ ಸಮತ್ರಿಕೋನವಾಗಲಿ.

ಇನ್ನು ಆ 200 ವ್ಯಾಟ್ ಆಂಪ್ಲಿಫೈಯರು. ಚೌಡಯ್ಯನವರು ಏಳು ತಂತಿಯ ಪಿಟೀಲು ಮಾಡ್ಕೊಂಡದ್ದು ಮೈಕಿಲ್ಲದ ಸಭೆಯಲ್ಲಿ ಹಿಂದಿನ ಸಾಲಿಗೂ ಕೇಳಲಿ ಅಂತ. ನಿಮ್ಮ ಕೋಣೇಲಿ ಹಿಂದಿನ ಸಾಲೇ ಇಲ್ಲವಲ್ಲ! ವ್ಯಾಟ್ ಎರಡರಷ್ಟಾದರೆ ಸದ್ದು ಏರೋದು ಬರೀ 3 ಡೆಸಿಬೆಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತರಷ್ಟು ವ್ಯಾಟ್ ಬೇಕು. ಸ್ಪೀಕರಿನ ಕಾಗದದಲ್ಲಿ ಸೆನ್ಸಿಟಿವಿಟಿ ಅಂತ ಇರುತ್ತೆ, ಅದನ್ನ ನೋಡಿ. 87 ಬದಲು 90 ಇರೋದನ್ನ ತಂದರೆ ಅರ್ಧದಷ್ಟೇ ವ್ಯಾಟಿರೋ ಆಂಪ್ಲಿಫೈಯರಿಗೂ ಸದ್ದು ಅಷ್ಟೇ ಬರುತ್ತೆ. ಒಳ್ಳೇ 50 ವ್ಯಾಟ್ ಸಾಕು. ಉಳಿದ ದುಡ್ಡನ್ನ ಸ್ಪೀಕರಿಗೆ ತಿರುಗಿಸಿ. ಇಡೀ ಸೆಟ್ಟಿನಲ್ಲಿ ಸ್ವರಕ್ಕೆ ಅತಿ ಹೆಚ್ಚು ಬಣ್ಣ ಹಚ್ಚೋದು ಅದೇ. ನಲವತ್ತು ಸಾವಿರದ ಕೇಬಲ್ ಹೊಡೆದುಹಾಕಿ. ಹದಿನೈದಡಿಗೆ ಮನೆ ವೈರಿಂಗಿನ ಎರಡೂವರೆ ಎಸ್‌ಕ್ಯು ಎಂಎಂ ತಾಮ್ರದ ತಂತಿ ಧಾರಾಳ.

ಗ್ರಾಮಫೋನ್ ಪ್ಲೇಯರಿನ ಸೂಜಿ ಮಾತ್ರ ಈ ವಾರವೇ ಬದಲಾಯಿಸಿ. ಸವೆದ ಸೂಜಿ ತಟ್ಟೆಯ ಗೆರೆಯನ್ನ ಕೆರೆಯುತ್ತೆ. ಹೋದ ಸ್ವರವನ್ನ ಆಮೇಲೆ ಯಾರೂ ತಂದುಕೊಡೋಕಾಗೋಲ್ಲ. ನಿಮ್ಮ ಹತ್ರ ಇರೋ ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿಗಳನ್ನ ನೆನೆಸಿಕೊಂಡೇ ಹೇಳ್ತಿದ್ದೀನಿ.

ಅಂಗಡೀಲಿ ನಿಮಗೆ ಸಿನಿಮಾದ ಸ್ಫೋಟ ಹಾಕಿ ತೋರಿಸ್ತಾರೆ. ಅದನ್ನ ಕೇಳಿ ಸ್ಪೀಕರ್ ಆರಿಸೋಕೆ ಆಗೋಲ್ಲ, ಸ್ಫೋಟ ನಿಜವಾಗಿ ಹೇಗಿರುತ್ತೆ ಅಂತ ನಮಗೆ ಗೊತ್ತೇ? ವೀಣೆ ಗೊತ್ತು. ನಿಮ್ಮ ಮನೆಯವರು ದಿನಾ ಬೆಳಗ್ಗೆ ನುಡಿಸ್ತಾರೆ, ನನಗೂ ಇಲ್ಲಿಗೆ ಕೇಳುತ್ತೆ. ದೊರೆಸ್ವಾಮಿ ಅಯ್ಯಂಗಾರರ ಸಿಡಿ ತಗೊಂಡು ಮನೆಯವರನ್ನೂ ಕರ್ಕೊಂಡು ಹೋಗಿ. ಮೊದಲು ಮೀಟಿನಲ್ಲಿ ಉಗುರು ತಂತಿಗೆ ತಾಕೋದು ಕೇಳಬೇಕು. ಆಮೇಲೆ ಒಂದೇ ಮೀಟಿನಲ್ಲಿ ತಂತಿ ಎಳೆದು ಎರಡು ಮೂರು ಸ್ವರ ತೆಗೀತಾರಲ್ಲ, ಅಲ್ಲಿ ಕಿವಿ ಕೊಡಿ. ನಾದ ಕ್ಷೀಣಿಸ್ತಾ ಹೋದರೂ ಕೊನೇ ಸ್ವರ ಎಲ್ಲಿ ನಿಂತಿತು ಅಂತ ತಿಳಿಯಬೇಕು. ಗಮಕದ ಜೀವ ಇರೋದೇ ಆ ಕೊನೇಲಿ. ಹತ್ತಿರದಲ್ಲೇ ತಾಳದ ತಂತಿ ಮೀಟಿದಾಗ ಅದು ಬೇರೆಯಾಗಿ ಕೇಳಬೇಕು. ಯಾವ ಜೋಡಿ ಅಷ್ಟು ಮಾಡುತ್ತೋ ಅದನ್ನ ತನ್ನಿ, ಬೆಲೆ ಎಷ್ಟೇ ಇರಲಿ. ಆಯ್ಕೆ ಮನೆಯವರಿಗೇ ಬಿಡಿ. ಬೆರಳಿಗೆ ತಂತಿ ಗೊತ್ತಿರೋರ ಕಿವಿ ನಮ್ಮಿಬ್ಬರದಕ್ಕಿಂತ ಚುರುಕು.

ದುಡ್ಡು ಕೊಡೋ ಮುಂಚೆ ಎರಡು ದಿನ ಮನೇಲಿಟ್ಟು ಕೇಳೋಕೆ ಬಿಡ್ತೀರಾ ಅಂತ ಕೇಳಿ. ಆಗೋಲ್ಲ ಅಂದರೆ ಬೇರೆ ಅಂಗಡಿ ನೋಡೋಣ. ಅಂಗಡಿಯ ಕೋಣೆ ಅವರದು, ನೀವು ಕೇಳಬೇಕಾದ್ದು ನಿಮ್ಮ ಕೋಣೇಲಿ. ಭಾನುವಾರ ಬೆಳಗ್ಗೆ ನಾನೂ ನನ್ನ ಮಗನೂ ಬರ್ತೀವಿ, ಮೊದಲು ಆ ಕಪಾಟು ಸರಿಸಿಬಿಡೋಣ. ಪುಸ್ತಕ ಮಾತ್ರ ಶನಿವಾರವೇ ಇಳಿಸಿಟ್ಟಿರಿ.