ಅಭಾವ ಚತುಷ್ಟಯ: ರಾಯದುರ್ಗ–ಮಡಕಶಿರಾ ಸೀಮೆಯ ಸಿಗ್ನಲ್ ಕುರಿತು ಒಂದು ಶಾಸ್ತ್ರವಿಚಾರ

ಇಲ್ಲದ ವಸ್ತುವಿನ ಮೇಲೆ ಪ್ರಬಂಧ ಬರೆಯುವುದು ಹೇಗೆ ಎಂದು ಕೇಳುವವರು ನಮ್ಮ ತಾರ್ಕಿಕರನ್ನು ಓದಿಲ್ಲ. ಜಗತ್ತಿನ ಪದಾರ್ಥಗಳನ್ನು ಎಣಿಸುತ್ತ ಬಂದ ವೈಶೇಷಿಕರು ಏಳನೆಯದಾಗಿ ಅಭಾವವನ್ನೂ ಪಟ್ಟಿಗೆ ಸೇರಿಸಿ, ಅದರಲ್ಲಿ ನಾಲ್ಕು ಬಗೆ ಎಂದರು. ನೆಲದ ಮೇಲೆ ಗಡಿಗೆ ಇಲ್ಲ ಎಂಬುದು ಅವರ ಮಾಮೂಲಿ ಉದಾಹರಣೆ. ಮೊಬೈಲ್ ಇರಲಿಲ್ಲವಾದ್ದರಿಂದ ಪಾಪ, ನೂರಾರು ವರ್ಷ ಆ ಗಡಿಗೆಯನ್ನೇ ಹಿಡಿದು ಕೂತರು. 1995ರ ಜುಲೈ 31ರಂದು ಕೋಲ್ಕತ್ತದಿಂದ ದೆಹಲಿಗೆ ದೇಶದ ಮೊದಲ ಮೊಬೈಲ್ ಕರೆ ಹೋದ ಮೇಲೆ ಶಾಸ್ತ್ರಕ್ಕೆ ತಕ್ಕ ಉದಾಹರಣೆ ಒದಗಿತು. ಅದನ್ನು ಪೂರ್ಣ ವೈಭವದಲ್ಲಿ ನೋಡಬೇಕೆಂದರೆ ಆಂಧ್ರದ ಗಡಿಯಲ್ಲಿರುವ ರಾಯದುರ್ಗಕ್ಕೋ ಮಡಕಶಿರಾಕ್ಕೋ ಹೋಗಬೇಕು. ಈ ಪ್ರಬಂಧದ ಪ್ರತಿಜ್ಞೆ ಇಷ್ಟೇ: ಆ ಸೀಮೆಯಲ್ಲಿ ನೆಟ್‌ವರ್ಕ್ ಹೋಗುವುದೇ ಇಲ್ಲ. ಹೋಯಿತು ಎಂದು ಗ್ರಾಹಕರು ಕೂಗಾಡುವುದಕ್ಕೆ ತರ್ಕದ ಅಭ್ಯಾಸ ತಪ್ಪಿಹೋಗಿರುವುದೇ ಕಾರಣ.

ಮೊದಲ ಮೂರು ಬಗೆಗಳನ್ನು ಬೇಗ ಮುಗಿಸೋಣ, ಅವು ಯಾವ ಊರಲ್ಲಾದರೂ ಸಿಗುತ್ತವೆ. ಇನ್ನೂ ಹುಟ್ಟದ ವಸ್ತುವಿನ ಇಲ್ಲದಿರುವಿಕೆ ಪ್ರಾಗಭಾವ. ಮಂಜೂರಾಗಿದೆ ಎಂದು ಹೇಳಲಾಗುವ ಟವರು ಈ ಜಾತಿಯದು. ಇದಕ್ಕೆ ಆದಿಯಿಲ್ಲ, ಅಂತ್ಯವುಂಟು ಎನ್ನುತ್ತದೆ ಶಾಸ್ತ್ರ. ಅಂತ್ಯದ ವಿಷಯದಲ್ಲಿ ಈ ಸೀಮೆಯವರು ಶಾಸ್ತ್ರಕ್ಕೆ ಇನ್ನಷ್ಟು ವಾಯಿದೆ ಕೊಡಲು ಸಿದ್ಧರಿದ್ದಾರೆ. ಎರಡೂ ಊರನ್ನು ಒಂದೇ ಹಳಿಗೆ ಪೋಣಿಸಬೇಕಾದ ತುಮಕೂರು–ರಾಯದುರ್ಗ ರೈಲು ಮಾರ್ಗ 2007-08ರಲ್ಲಿ ಮಂಜೂರಾದದ್ದು, ಕಾಯುವ ಅಭ್ಯಾಸ ಅವರಿಗೆ ಚೆನ್ನಾಗಿದೆ. ಇದ್ದದ್ದು ನಾಶವಾದ ಮೇಲಿನದು ಪ್ರಧ್ವಂಸಾಭಾವ. ಕರೆಂಟು ಹೋಗುತ್ತದೆ, ಟವರಿನ ಬ್ಯಾಟರಿ ಸ್ವಲ್ಪ ಹೊತ್ತು ದಮ್ಮು ಕಟ್ಟಿ ನಿಲ್ಲುತ್ತದೆ, ಜನರೇಟರಿನಲ್ಲಿ ಡೀಸೆಲ್ ಇರುವುದಿಲ್ಲ. ಇಲ್ಲವೇ ರಸ್ತೆ ಅಗಲ ಮಾಡಲು ಬಂದ ಜೆಸಿಬಿಯ ಹಲ್ಲಿಗೆ ಫೈಬರ್ ಕೇಬಲ್ ಸಿಕ್ಕುತ್ತದೆ. ಇದಕ್ಕೆ ಆದಿಯುಂಟು, ಅಂತ್ಯವಿಲ್ಲ ಎಂಬುದು ಶಾಸ್ತ್ರವಾಕ್ಯ. ಗ್ರಾಹಕ ಸೇವೆಯವರು ಮಾತ್ರ 24 ಗಂಟೆಯೊಳಗೆ ಸರಿಹೋಗುತ್ತದೆ ಎಂದು ಶಾಸ್ತ್ರದ ವಿರುದ್ಧ ಮಾತಾಡುತ್ತಾರೆ. ಲೋಕಾನುಭವ ಶಾಸ್ತ್ರದ ಕಡೆಗಿದೆ. ಮೂರು ಕಾಲದಲ್ಲೂ ಇಲ್ಲದಿರುವುದು ಅತ್ಯಂತಾಭಾವ. ಎರಡೂ ಊರುಗಳು ಕೋಟೆಬೆಟ್ಟದ ಬುಡದಲ್ಲಿವೆ. ಶತ್ರುಗಳ ಕೈಗೆ ಸುಲಭವಾಗಿ ಸಿಗಬಾರದೆಂದು ಹಿಂದಿನವರು ಹುಡುಕಿ ಆರಿಸಿದ ಜಾಗ ತರಂಗಗಳಿಗೂ ಸುಲಭವಾಗಿ ಸಿಗದಿದ್ದರೆ ಅದು ಅವರ ದೂರದೃಷ್ಟಿಗೆ ಸಾಕ್ಷಿ.

ನಾಲ್ಕನೆಯದಾದ ಅನ್ಯೋನ್ಯಾಭಾವವೇ ಈ ಸೀಮೆಯ ಹೆಮ್ಮೆ. ಗಡಿಗೆ ಬಟ್ಟೆಯಲ್ಲ, ಬಟ್ಟೆ ಗಡಿಗೆಯಲ್ಲ. ಎರಡೂ ಇವೆ, ಆದರೆ ಒಂದು ಇನ್ನೊಂದಲ್ಲ. ದೂರಸಂಪರ್ಕ ಇಲಾಖೆ ದೇಶವನ್ನು 22 ಸರ್ಕಲ್‌ಗಳಾಗಿ ಹಂಚಿದೆ. ಪರವಾನಗಿಯೂ ಸರ್ಕಲ್‌ವಾರು, ತರಂಗಾಂತರವೂ ಸರ್ಕಲ್‌ವಾರು. ಒಂದೇ ಕಂಪನಿಯ ಕೈಯಲ್ಲಿ ಆಂಧ್ರದಲ್ಲಿ ಒಂದು ಪ್ರಮಾಣ, ಕರ್ನಾಟಕದಲ್ಲಿ ಇನ್ನೊಂದು. 2014ರ ಜೂನ್ 2ರಂದು ತೆಲಂಗಾಣ ಬೇರೆಯಾಯಿತು, ಸರ್ಕಲ್ ಬೇರೆಯಾಗಲಿಲ್ಲ. ಹೀಗಾಗಿ ರಾಯದುರ್ಗದ ಸಿಮ್ಮಿಗೆ ಮಹಾರಾಷ್ಟ್ರದ ಗಡಿಗೆ ತಗುಲಿರುವ ಆದಿಲಾಬಾದ್ ತವರುಮನೆ, ಬಸ್ಸು ಹತ್ತಿ ಕೂತು ಒಂದು ನಿದ್ದೆ ತೆಗೆಯುವ ಮೊದಲೇ ಸಿಗುವ ಮೊಳಕಾಲ್ಮೂರು ಪರದೇಶ. ಮಡಕಶಿರಾದ ಸ್ಥಿತಿ ಇನ್ನೂ ಸೂಕ್ಷ್ಮ. ಅದು ಕರ್ನಾಟಕದೊಳಕ್ಕೆ ಚಾಚಿಕೊಂಡ ಆಂಧ್ರ. ಪಕ್ಕದ ಪಾವಗಡ ಆಂಧ್ರದೊಳಕ್ಕೆ ಚಾಚಿಕೊಂಡ ಕರ್ನಾಟಕ. ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆ ಮಂಡಲಗಳ ಹಳ್ಳಿಗಳಲ್ಲಿ ಫೋನು ಬೆಳಗ್ಗೆ ಯಾವ ರಾಜ್ಯದ ಕಡೆ ಮುಖ ಮಾಡಿ ಏಳುತ್ತದೆಂದು ಅದರ ಯಜಮಾನನಿಗೂ ಗೊತ್ತಿರುವುದಿಲ್ಲ. ಜಗಲಿಯಲ್ಲಿ ಆಂಧ್ರ, ಹಿತ್ತಲಲ್ಲಿ ಕರ್ನಾಟಕ, ನಡುಮನೆಯಲ್ಲಿ ಅದ್ವೈತ. ಕಿಟಕಿಯ ಸರಳಿಗೆ ಪ್ಲಾಸ್ಟಿಕ್ ಕವರಿನಲ್ಲಿ ಫೋನನ್ನು ನೇತುಹಾಕಿ, ಸ್ಪೀಕರ್ ಹಾಕಿ, ಕವರನ್ನು ಮುಟ್ಟದೆ ಎರಡಡಿ ದೂರದಲ್ಲಿ ನಿಂತು, ಬೆಂಗಳೂರಿನ ಮೊಮ್ಮಗನೊಡನೆ ಓಣಿಗೆಲ್ಲ ಕೇಳುವಂತೆ ಮಾತಾಡುವ ಅಜ್ಜಿಯರು ಅನ್ಯೋನ್ಯಾಭಾವದ ಸಂಧಿರೇಖೆಯನ್ನು ಪತ್ತೆಹಚ್ಚಿದ ಸಂಶೋಧಕರು. ಕವರು ಒಂದು ಗೇಣು ಆಚೀಚೆಯಾದರೆ ಮೊಮ್ಮಗ ಇಲ್ಲ.

ಈ ಸ್ಥಿತಿಗೆ ರಾಜಕೀಯ ಇತಿಹಾಸದಲ್ಲೂ ಒಂದು ಸ್ಥಾನವಿದೆ. 1953ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಪಾಲು ಮಾಡಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಉಳಿದ ಏಳು ಮೈಸೂರಿಗೆ ಬಂದವು. ಆಮೇಲೆ ಎಷ್ಟು ಮನವಿ, ಎಷ್ಟು ನಿರ್ಣಯ! ಆಯೋಗಗಳಿಂದ ಆಗದ ಏಕೀಕರಣವನ್ನು ಮೊಬೈಲು ಸದ್ದಿಲ್ಲದೆ ಮಾಡಿತು. ರೋಮಿಂಗ್ ಶುಲ್ಕವಿದ್ದ ಕಾಲದಲ್ಲಿ ತನ್ನ ಮಂಚದ ಮೇಲೆ ಮಲಗಿದ್ದ ಗ್ರಾಹಕನಿಗೆ ಕರ್ನಾಟಕಕ್ಕೆ ಸ್ವಾಗತ ಎಂಬ ಸಂದೇಶ ಬರುತ್ತಿತ್ತು, ಬಂದ ಕರೆ ಎತ್ತಿದ್ದಕ್ಕೆ ದುಡ್ಡು ಕಡಿತವಾಗುತ್ತಿತ್ತು. ಟ್ರಾಯ್ 2015ರ ಮೇ 1ರಿಂದ ಈ ಒಳಬರುವ ಕರೆಯ ಗರಿಷ್ಠ ದರವನ್ನು ನಿಮಿಷಕ್ಕೆ 75 ಪೈಸೆಯಿಂದ 45 ಪೈಸೆಗೆ ಇಳಿಸಿತು. ಅಂದರೆ ಗಡಿಯ ಕನ್ನಡಿಗ ಕರ್ನಾಟಕಕ್ಕೆ ಸೇರುವ ವೆಚ್ಚ ನಿಮಿಷಕ್ಕೆ 45 ಪೈಸೆ ಎಂದು ಕೇಂದ್ರದ ಪ್ರಾಧಿಕಾರವೊಂದು ಲಿಖಿತವಾಗಿ ನಿಗದಿ ಮಾಡಿದಂತಾಯಿತು. ಏಕೀಕರಣದ ಚರಿತ್ರಕಾರರು ಈ ದಾಖಲೆಯನ್ನು ಕಡೆಗಣಿಸಿರುವುದು ಖೇದಕರ.

ಇನ್ನು ಆಕ್ಷೇಪಗಳು. ಫೋನಿನಲ್ಲಿ ಒಂದು ಕಡ್ಡಿಯೂ ಇಲ್ಲ, ಇದು ಪ್ರತ್ಯಕ್ಷವಲ್ಲವೇ ಎಂದು ಪೂರ್ವಪಕ್ಷ. ಪ್ರತ್ಯಕ್ಷಕ್ಕಿಂತ ಶಬ್ದಪ್ರಮಾಣ ಬಲವಾದದ್ದು ಎಂದು ಉತ್ತರ. ಕರೆ ಮಾಡಿ ನೋಡಿ: ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎನ್ನುತ್ತದೆ ದನಿ. ನೆಟ್‌ವರ್ಕ್ ಹೊರಗಿದೆ ಎಂದು ಅದು ಎಂದೂ ಹೇಳಿದ್ದಿಲ್ಲ. ಆ ಮನುಷ್ಯ ಬೇವಿನ ಮರದ ಕೆಳಗಿನ ಕಟ್ಟೆಯಿಂದ ಎದ್ದೇ ಇಲ್ಲ ಎಂದು ಊರೆಲ್ಲ ಸಾಕ್ಷಿ ಹೇಳಲಿ, ಸಿದ್ಧಾಂತಕ್ಕೆ ಬಾಧೆಯಿಲ್ಲ. ಎರಡನೆಯ ಪೂರ್ವಪಕ್ಷ ಮೀಮಾಂಸಕರದು: ಇದ್ದಿದ್ದರೆ ತಿಳಿಯುತ್ತಿತ್ತು, ತಿಳಿಯುತ್ತಿಲ್ಲ, ಆದ್ದರಿಂದ ಇಲ್ಲ. ಭಾಟ್ಟರು ಇದಕ್ಕೆ ಅನುಪಲಬ್ಧಿ ಎಂಬ ಬೇರೆ ಪ್ರಮಾಣವನ್ನೇ ಕೊಟ್ಟರು. ಆದರೆ ಇದು ನಿಲ್ಲಬೇಕಾದರೆ ಗ್ರಹಿಸುವ ಸಾಧನಕ್ಕೆ ಯೋಗ್ಯತೆ ಇರಬೇಕು. ಕತ್ತಲೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆಂದಲ್ಲ. ಗ್ರಾಹಕ ಸೇವೆಯವರು ಈ ಸೂಕ್ಷ್ಮವನ್ನು ಕರಗತ ಮಾಡಿಕೊಂಡಿದ್ದಾರೆ. ಫೋನ್ ಆಫ್ ಮಾಡಿ ಆನ್ ಮಾಡಿ, ಸಿಮ್ ತೆಗೆದು ಒರೆಸಿ ಹಾಕಿ, ಬೇರೆ ಹ್ಯಾಂಡ್‌ಸೆಟ್‌ನಲ್ಲಿ ನೋಡಿ ಎನ್ನುವುದೆಲ್ಲ ಯೋಗ್ಯತಾಪರೀಕ್ಷೆ. ಇಡೀ ಬೀದಿಯ ಹ್ಯಾಂಡ್‌ಸೆಟ್‌ಗಳು ಒಟ್ಟಿಗೇ ಅಯೋಗ್ಯವಾಗುವುದು ಹೇಗೆ ಎಂದು ಕೇಳಬಾರದು. ಅವರು ಬೀದಿಯೊಂದಿಗಲ್ಲ, ಒಬ್ಬೊಬ್ಬರ ಜೊತೆ ಮಾತಾಡುವವರು.

ದೂರು ಕೊಡಿ ಎಂಬ ಮಾತಿನಲ್ಲಂತೂ ಆತ್ಮಾಶ್ರಯ ದೋಷ ಎದ್ದು ಕಾಣುತ್ತದೆ. ದೂರಿಗೆ 198ಕ್ಕೆ ಕರೆ ಮಾಡಬೇಕು, ಕರೆ ಹೋಗುವುದಿಲ್ಲ ಎಂಬುದೇ ದೂರು. ಪಕ್ಕದೂರಿಗೆ ಹೋಗಿ ದೂರು ಕೊಟ್ಟರೆ ಅದರ ಸಂಖ್ಯೆ ಎಸ್ಸೆಮ್ಮೆಸ್ಸಿನಲ್ಲಿ ಬರುತ್ತದೆ, ಅದನ್ನು ಓದಲು ಪಕ್ಕದೂರಲ್ಲೇ ಕಾಯಬೇಕು. ಅಲ್ಲಿ ಸಿಗ್ನಲ್ ಇರುವುದರಿಂದ ದೂರು ಸುಳ್ಳಾಗುತ್ತದೆ. ಕಂಪನಿ ಬದಲಿಸಿ ಎಂಬ ಸಲಹೆಯೂ ಇದೇ ಕುಲದ್ದು. ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿ 20ರಿಂದ ದೇಶಕ್ಕೆಲ್ಲ ಇದೆ, 2015ರ ಜುಲೈ 3ರಿಂದ ಸರ್ಕಲ್ ದಾಟಿಯೂ ಇದೆ. 1900ಕ್ಕೆ ಒಂದು ಸಂದೇಶ ಕಳಿಸಿದರಾಯಿತು, ಕಳಿಸಲು ಸಿಗ್ನಲ್ ಇದ್ದರೆ. ಬದಲಿಸಿದ ಮೇಲೆ ಹೊಸ ಕಂಪನಿಯ ಆಂಟೆನಾ ಹಳೆಯ ಟವರಿನ ಮೇಲೇ ಪಕ್ಕದಲ್ಲಿ ಕೂತಿರುವುದು ಕಾಣುತ್ತದೆ, ಬ್ಯಾಟರಿಯೂ ಅದೇ. ಎರಡು ಸಿಮ್ ಇಟ್ಟುಕೊಳ್ಳಿ ಎನ್ನುವವರಿಗೆ ಉತ್ತರವೇ ಬೇಡ, ಎಲ್ಲರೂ ಇಟ್ಟುಕೊಂಡಿದ್ದಾರೆ. ರಾಯದುರ್ಗದಲ್ಲಿ ಜೀನ್ಸ್ ಹೊಲಿಸುವವನು ಹೊಸ ಲಾಟಿನ ಫೋಟೋವನ್ನು ಬಳ್ಳಾರಿಯ ವ್ಯಾಪಾರಿಗೆ ಆಂಧ್ರದ ಸಿಮ್ಮಿನಿಂದ ಕಳಿಸಿ ಒಂದೇ ಟಿಕ್ಕನ್ನು ನೋಡುತ್ತ ಕೂರುತ್ತಾನೆ, ಆಮೇಲೆ ಕರ್ನಾಟಕದ ಸಿಮ್ಮಿಗೆ ಬದಲಿಸಿ ಅದೇ ಒಂದೇ ಟಿಕ್ಕನ್ನು ನೋಡುತ್ತಾನೆ. ಎರಡಕ್ಕೂ ತಿಂಗಳ ರೀಚಾರ್ಜ್ ಮಾತ್ರ ಬೇರೆ ಬೇರೆ. ಅಭಾವಕ್ಕೆ ಇಮ್ಮಡಿ ಬೆಲೆ ತೆರುವ ಸೌಭಾಗ್ಯ ಒಳನಾಡಿನವರಿಗಿಲ್ಲ.

ಸರ್ಕಾರ ಪರಿಹಾರ ಕೊಡಿಸಬಾರದೇ ಎಂಬುದು ಕೊನೆಯ ಆಕ್ಷೇಪ. ಒಮ್ಮೆ ಯತ್ನವಾಯಿತು. ಮಧ್ಯದಲ್ಲೇ ಕಡಿದುಹೋದ ಕರೆಗೆ ಒಂದು ರೂಪಾಯಿ, ದಿನಕ್ಕೆ ಮೂರು ಕರೆಗೆ ಮಾತ್ರ ಎಂದು 2016ರ ಜನವರಿ 1ರಿಂದ ಜಾರಿಗೆ ತರಲು ಟ್ರಾಯ್ ನಿಯಮ ಮಾಡಿತು. ಅದೇ ವರ್ಷದ ಮೇ 11ರಂದು ಸುಪ್ರೀಂ ಕೋರ್ಟು ಆ ನಿಯಮವನ್ನು ರದ್ದು ಮಾಡಿತು. ಈಗಿರುವುದು 2024ರ ಗುಣಮಟ್ಟ ನಿಯಮಾವಳಿ. ಜಿಲ್ಲಾಮಟ್ಟದಲ್ಲಿ ಸೇವೆ 24 ಗಂಟೆಗೂ ಮೀರಿ ನಿಂತರೆ ಪೋಸ್ಟ್‌ಪೇಯ್ಡ್‌ನವರಿಗೆ ಬಾಡಿಗೆಯಲ್ಲಿ ರಿಯಾಯಿತಿ, ಪ್ರಿಪೇಯ್ಡ್‌ನವರಿಗೆ ವ್ಯಾಲಿಡಿಟಿ ವಿಸ್ತರಣೆ; ಪ್ರಕೃತಿ ವಿಕೋಪವಾದರೆ ಇಲ್ಲ. ಇದು ಅಕ್ಟೋಬರ್ 1ರಂದು ಜಾರಿಗೆ ಬಂತು ಎಂಬುದನ್ನು ಗಮನಿಸಬೇಕು. ರಾಯದುರ್ಗ ಆಂಧ್ರಕ್ಕೆ ಹೋದದ್ದು 1953ರ ಅಕ್ಟೋಬರ್ 1. ಬಿಎಸ್ಸೆನ್ನೆಲ್ ಕೆಲಸ ಶುರುಮಾಡಿದ್ದು 2000ದ ಅಕ್ಟೋಬರ್ 1. ದೆಹಲಿಯಲ್ಲಿ ಐದನೇ ತಲೆಮಾರಿನ ಸೇವೆಗೆ ಚಾಲನೆ ಸಿಕ್ಕಿದ್ದು 2022ರ ಅಕ್ಟೋಬರ್ 1. ಇದು ಕಾಕತಾಳೀಯ ಎನ್ನುವವರು ಅದೇ ತಾಳೆಮರದ ಕೆಳಗೆ ನಾಲ್ಕು ಸಲ ನಿಂತು ನೋಡಲಿ.

ಇರಲಿ, ನಿಯಮದ ಜೀವ ಇರುವುದು ಜಿಲ್ಲೆ ಎಂಬ ಅಳತೆಯಲ್ಲಿ. ಮಂಡಲವೊಂದು ಮೂರು ದಿನ ಮೂಕವಾಗಿದ್ದರೂ ಜಿಲ್ಲೆ ಮಾತಾಡುತ್ತಿದ್ದರೆ ಏನೂ ಆಗಿಲ್ಲ. ಪ್ರತಿಜ್ಞೆ ಸಿದ್ಧವಾಯಿತು. ಹಾಗೆಂದು ಸರ್ಕಾರ ಕೈಕಟ್ಟಿ ಕೂತಿದೆ ಎನ್ನಲಾಗದು. 2022ರ ಏಪ್ರಿಲ್ 4ರಂದು ಆಂಧ್ರದ 13 ಜಿಲ್ಲೆಗಳು 26 ಆದವು, ಮಡಕಶಿರಾ ಅನಂತಪುರವನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಜಿಲ್ಲೆ ಚಿಕ್ಕದಾದಷ್ಟೂ ಅಭಾವ ನಿಯಮದ ಕಣ್ಣಿಗೆ ಬೀಳುವ ಸಂಭವ ಹೆಚ್ಚು. ಇದೇ ದಾರಿಯಲ್ಲಿ ಮುಂದುವರಿದು ಅಗಳಿಯನ್ನೊಂದು ಜಿಲ್ಲೆ, ರೊಳ್ಳವನ್ನೊಂದು ಜಿಲ್ಲೆ, ಅಮರಾಪುರದ ಹತ್ತಿರದ ಹೇಮಾವತಿಯನ್ನೊಂದು ಜಿಲ್ಲೆ ಮಾಡಬಹುದು. ಹೇಮಾವತಿಗೆ ಅರ್ಹತೆಯೂ ಇದೆ. ಶಾಸನಗಳಲ್ಲಿ ಹೆಂಜೇರು ಎನಿಸಿಕೊಂಡ ನೊಳಂಬರ ರಾಜಧಾನಿ ಅದು. ಅಲ್ಲಿನ ಕಂಬಗಳನ್ನು ಚೋಳರು ಹೊತ್ತೊಯ್ದು ಕಾವೇರಿ ತೀರದ ತಿರುವೈಯಾರಿನ ದೇವಾಲಯದಲ್ಲಿ ನಿಲ್ಲಿಸಿದರು. ಈ ಸೀಮೆಯ ಕಂಬ ಬೇರೆ ಸರ್ಕಲ್‌ಗೆ ಹೋದ ಮೊದಲ ಪ್ರಕರಣ ಅದೇ ಇರಬೇಕು, ಅಲ್ಲಿ ಅವು ಒಂದು ದಿನವೂ ಬಿದ್ದಿಲ್ಲ.

ಅಲ್ಲಿಯವರೆಗೆ ಒಂದು ಉಪಾಯವುಂಟು. ರಿಯಾಯಿತಿ ಸಿಗುವುದು ಸಿಮ್ ಯಾವ ಜಿಲ್ಲೆಯಲ್ಲಿ ನೋಂದಣಿಯಾಗಿದೆಯೋ ಆ ಜಿಲ್ಲೆಯ ಲೆಕ್ಕದಲ್ಲಿ. ಪಾವಗಡದ ಭಾವನ ವಿಳಾಸದಲ್ಲಿ ಪೋಸ್ಟ್‌ಪೇಯ್ಡ್ ಸಿಮ್ ಪಡೆದಿರುವ ಮಡಕಶಿರಾದವನು ನೋಂದಣಿಯ ಪ್ರಕಾರ ತುಮಕೂರು ಜಿಲ್ಲೆಯವನು. ತನ್ನೂರಲ್ಲಿ ಎಷ್ಟು ದಿನ ಮಾತು ನಿಂತರೂ ಅವನಿಗೆ ಬಿಡಿಗಾಸಿಲ್ಲ. ಆದರೆ ತುಮಕೂರು ಜಿಲ್ಲೆ ಒಂದು ದಿನ ಪೂರ್ತಿ ಮೂಕವಾದರೆ, ಮನೆಯಲ್ಲಿ ಕೂತು ಆಂಧ್ರದ ಟವರಿನಲ್ಲಿ ಆರಾಮಾಗಿ ಹರಟುತ್ತಿದ್ದವನಿಗೂ ಮುಂದಿನ ಬಿಲ್ಲಿನಲ್ಲಿ ರಿಯಾಯಿತಿ. ಆದಕಾರಣ ಮಡಕಶಿರಾದ ವಿವೇಕಿ ಗ್ರಾಹಕ ಹರಕೆ ಹೊರುವುದಾದರೆ ತನ್ನೂರಿನ ಟವರು ಚೆನ್ನಾಗಿರಲೆಂದು ಹೊರಬಾರದು. ಸಿರಾ, ಮಧುಗಿರಿ, ಪಾವಗಡ ಸಮೇತ ತುಮಕೂರಿನ ಟವರುಗಳೆಲ್ಲ ಒಟ್ಟಿಗೆ 25 ಗಂಟೆ ಮಲಗಲೆಂದು ಹೊರಬೇಕು. ವಿಷಯವನ್ನು ಪಾವಗಡದ ಭಾವನಿಗೆ ತಿಳಿಸುವ ಗೋಜು ಬೇಡ. ಹೇಗೂ ಫೋನು ತಾಗುವುದಿಲ್ಲ.