ಅಟ್ಟದ ಅತಿಥಿಗಳು

ಕೊಬ್ಬರಿ ಅಟ್ಟದಲ್ಲಿ ಮನುಷ್ಯ ಮಲಗಬಹುದೇ ಎಂದು ತಿಪಟೂರು ಸೀಮೆಯಲ್ಲಿ ಯಾರೂ ಕೇಳಿದ್ದಿಲ್ಲ. ಮಲಗಿದವರಿಲ್ಲವೆಂದಲ್ಲ. ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ ಹುಡುಗರು, ಹೆಂಡತಿಯ ಮೇಲೆ ಮುನಿಸಿಕೊಂಡ ಗಂಡಸರು, ಸಾಲ ಕೇಳಲು ಬಂದವರ ಕಣ್ಣು ತಪ್ಪಿಸಿದ ಯಜಮಾನರು, ಎಲ್ಲರೂ ಮಲಗಿದ್ದಾರೆ. ಆದರೆ ದುಡ್ಡು ಕೊಟ್ಟು ಮಲಗುವವರೂ ಇದ್ದಾರೆಂದು ಮೊದಲು ಹೇಳಿದವನು ನನ್ನ ಅಕ್ಕನ ಮಗ. ಒಂದು ರಾತ್ರಿಗೆ ಎಂಟು ಸಾವಿರವಂತೆ, ಬೆಳಗಿನ ತಿಂಡಿ ಸೇರಿ.

ಹುಡುಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಕಂಪನಿಯವರು ಒಮ್ಮೆ ಲಂಡನ್ನಿಗೆ ಕಳಿಸಿದ್ದರು. ಅಲ್ಲಿ ಅವನು ರಾಣಿಯ ಅರಮನೆಯನ್ನೂ ನೋಡಿದ, ದೊಡ್ಡ ಗಡಿಯಾರವನ್ನೂ ನೋಡಿದ. ತಲೆ ಕೆಡಿಸಿದ್ದು ಮಾತ್ರ ಚಿಲ್ಟರ್ನ್ ಬೀದಿಯ ಒಂದು ಹಳೆಯ ಫೈರ್ ಸ್ಟೇಷನ್. 1889ರಲ್ಲಿ ಕಟ್ಟಿದ ಕೆಂಪು ಇಟ್ಟಿಗೆಯ ಕಟ್ಟಡ. 2005ರಲ್ಲಿ ಠಾಣೆ ಮುಚ್ಚಿತು. 2014ರಲ್ಲಿ ಅದು 26 ಕೋಣೆಗಳ ಹೋಟೆಲಾಗಿ ತೆರೆದು, ಸಿನಿಮಾದವರು, ಹಾಡುವವರು, ಸುಮ್ಮನೆ ಹೆಸರುವಾಸಿಯಾದವರು ಎಲ್ಲ ಅಲ್ಲಿಗೆ ಮುತ್ತಿಗೆ ಹಾಕಿದರು. ನಮ್ಮ ಹುಡುಗ ಒಳಗೆ ಹೋಗಲಿಲ್ಲ, ಬಾಗಿಲ ಹೊರಗೆ ನಿಂತು ಫೋಟೊ ತೆಗೆಸಿಕೊಂಡ. ಆಮೇಲೆ ಓದಿ ತಿಳಿದುಕೊಂಡಿದ್ದೇ ಜಾಸ್ತಿ. ಅಮೆರಿಕದ ಡೆಟ್ರಾಯಿಟ್ ಊರಿನಲ್ಲಿ 1929ರ ಫೈರ್ ಬ್ರಿಗೇಡ್ ಮುಖ್ಯ ಕಚೇರಿಯೂ 2017ರಲ್ಲಿ ಹೋಟೆಲಾಯಿತಂತೆ. ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಮೇಜು ಹಾಕಿ ಊಟ ಬಡಿಸುತ್ತಾರಂತೆ.

"ನೋಡು ಮಾವ, ಲಂಡನ್ನಲ್ಲಿ ಏಣಿ ಇಡ್ತಿದ್ದ ಶೆಡ್ಡೇ ಬಾರು. ಹೆಸರೂ ಅದೇ, ಏಣಿ ಶೆಡ್ಡು. ನಮ್ಮನೇಲಿ ಏಣಿ ಇನ್ನೂ ಇದೆ."

ಏಣಿ ಇರುವುದು ನಿಜ. ನೊಣವಿನಕೆರೆ ದಾಟಿ ತುರುವೇಕೆರೆ ಕಡೆ ಹೋಗುವಾಗ ಸಿಗುವ ಹಳ್ಳಿಯೊಂದರಲ್ಲಿ ಅಕ್ಕನದು ತೊಟ್ಟಿ ಮನೆ. ಒಳಗೆ ನಾಲ್ಕು ಕಂಬದ ತೊಟ್ಟಿ, ಪಕ್ಕದಲ್ಲಿ ಕೊಟ್ಟಿಗೆ, ಹಿಂದೆ ತೋಟ, ಮೇಲೆ ಮನೆಯುದ್ದಕ್ಕೂ ಅಟ್ಟ. ಹುಡುಗ ಬೆಂಗಳೂರಿನಿಂದ ಒಂದು ನಕ್ಷೆ ಬರೆಸಿಕೊಂಡು ಬಂದ. ಕೊಟ್ಟಿಗೆ ಇದ್ದಲ್ಲಿ ರಿಸೆಪ್ಷನ್. ರಾಗಿ ತುಂಬುತ್ತಿದ್ದ ಹಗೇವು ಇದ್ದಲ್ಲಿ, ನೆಲದೊಳಗೆ, ತಣ್ಣಗಿನ ಜ್ಯೂಸ್ ಬಾರು. ತಾಯಿಯೆದುರು ಜ್ಯೂಸ್ ಎಂದ. ನಕ್ಷೆಯಲ್ಲಿ ಬೇರೇನೋ ಬರೆದಿತ್ತು. ಅಟ್ಟದಲ್ಲಿ ಆರು ಕೋಣೆ.

"ಆರು ಕೋಣೆ ಸರಿ. ಕಾಯಿ ಎಲ್ಲಿಡ್ತೀಯಪ್ಪ?" ಎಂದಳು ಅಕ್ಕ.

ಇಡೀ ಯೋಜನೆಗೆ ಬಂದ ಮೊದಲ ತಾಂತ್ರಿಕ ಆಕ್ಷೇಪ ಇದೇ. ಹೊರಗಿನವರಿಗೆ ಇದರ ತೂಕ ತಿಳಿಯಲಿಕ್ಕಿಲ್ಲ. ಕರಾವಳಿಯವರು ಕಾಯಿ ಒಡೆದು, ಹೋಳು ಮಾಡಿ, ಬಿಸಿಲಿಗೆ ಹರವಿ, ವಾರದೊಳಗೆ ಎಣ್ಣೆ ಗಾಣಕ್ಕೆ ಸಾಗಿಸುತ್ತಾರೆ. ನಮ್ಮದು ಉಂಡೆ ಕೊಬ್ಬರಿ. ಅವಸರಕ್ಕೆ ಬಗ್ಗುವ ಜಾತಿಯಲ್ಲ. ಚೆನ್ನಾಗಿ ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಏರಿಸಬೇಕು. ಕೆಳಗಿನಿಂದ ಗಾಳಿ ಆಡುವ ಹಾಗೆ ಅಟ್ಟದ ಹಲಗೆಗಳ ನಡುವೆ ಸಂದು ಬಿಟ್ಟಿರುತ್ತಾರೆ. ಅಲ್ಲಿ ಹತ್ತು, ಹನ್ನೊಂದು ತಿಂಗಳು ಅದರ ಪಾಡಿಗೆ ಅದು ಬಿದ್ದಿರಬೇಕು. ಒಳಗಿನ ನೀರು ನಿಧಾನಕ್ಕೆ ಇಂಗುತ್ತದೆ, ತಿರುಳು ಒಣಗುತ್ತ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕೊನೆಗೊಂದು ದಿನ ಕೈಗೆತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದರೆ ಗುಡುಗುಡು ಅನ್ನುತ್ತದೆ. ಆಗ ಸುಲಿದು, ಚಿಪ್ಪನ್ನು ಹದವಾಗಿ ಬಡಿದು ಒಡೆದರೆ ಒಳಗಿನಿಂದ ಇಡಿಯ ಉಂಡೆ ಹೊರಗೆ ಬರುತ್ತದೆ. ಅದು ತಿಪಟೂರು ಮಾರುಕಟ್ಟೆ ಸೇರಿ, ಅಲ್ಲಿಂದ ಉತ್ತರ ಭಾರತದ ಮದುವೆ, ಹಬ್ಬಗಳಿಗೆ ರೈಲು, ಲಾರಿ ಹತ್ತುತ್ತದೆ. ಒಡೆಯುವಾಗ ಕೈ ತಪ್ಪಿ ಚೂರಾಯಿತೋ, ರೇಟೂ ಚೂರಾಯಿತು.

ಹೋಟೆಲಿನವರು ಕನಸು ಕಾಣುವುದು ಇಂಥ ಗಿರಾಕಿಯನ್ನೇ. ಬಂದರೆ ವರ್ಷ ಉಳಿಯುತ್ತದೆ, ಬಿಸಿನೀರು ಕೇಳುವುದಿಲ್ಲ, ವೈಫೈ ಇಲ್ಲವೆಂದು ಗೊಣಗುವುದಿಲ್ಲ, ಹೋಗುವಾಗ ಬಾಕಿ ಪೂರ್ತಿ ತೀರಿಸಿ ಹೋಗುತ್ತದೆ. ತೀರಿಸುವ ಮೊತ್ತ ಮಾತ್ರ ಅದರ ಕೈಯಲ್ಲಿಲ್ಲ. 2023ರಲ್ಲಿ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಎಂದಾಗ ಮಾರುಕಟ್ಟೆಯಲ್ಲಿ ಅಷ್ಟಕ್ಕೆ ಕೇಳುವವರಿರಲಿಲ್ಲ. ನಫೆಡ್ ಖರೀದಿ ಕೇಂದ್ರದ ಮುಂದೆ ಹೆಸರು ಬರೆಸಲು ಜನ ಸಾಲುಗಟ್ಟಿದರು. 2025ರಲ್ಲಿ ಬೆಂಬಲ ಬೆಲೆ 12,100 ಆದಾಗ ಮಾರುಕಟ್ಟೆ ದರ 20,000 ದಾಟಿ, ನಫೆಡ್ ಕಡೆ ತಿರುಗಿ ನೋಡುವವರಿರಲಿಲ್ಲ. ಆ ವರ್ಷ ಯಾರ ಅಟ್ಟದಲ್ಲಿ ಕಾಯಿ ಉಳಿದಿತ್ತೋ ಅವರ ನಡಿಗೆಯೇ ಬೇರೆ. ಭಾವ ತೋಟಕ್ಕೆ ಹೋಗುವಾಗಲೂ ಇಸ್ತ್ರಿ ಮಾಡಿದ ಅಂಗಿ ಹಾಕತೊಡಗಿದರು.

ಹೀಗಿರುವಾಗ ಅಂಥ ಗಿರಾಕಿಯನ್ನು ಕೆಳಗಿಳಿಸಿ, ಶನಿವಾರ ಬಂದು ಭಾನುವಾರ ಓಡುವವರನ್ನು ಹತ್ತಿಸು ಎಂದರೆ ಅಕ್ಕ ಒಪ್ಪುತ್ತಾಳೆಯೇ?

ಹುಡುಗ ಮೈಸೂರಿನ ಉದಾಹರಣೆ ತೆಗೆದ. ಲಲಿತಮಹಲ್ ಅರಮನೆ ಹೋಟೆಲಾಗಲಿಲ್ಲವೇ? ಆಯಿತು, 1974ರಲ್ಲಿ. ಆದರೆ ನಾಲ್ವಡಿಯವರು 1921ರಲ್ಲಿ ಆ ಕೆಲಸಕ್ಕೆ ಕೈ ಹಾಕಿದ್ದೇ ವೈಸರಾಯ್ ಸಾಹೇಬರು ಬಂದರೆ ಇಳಿದುಕೊಳ್ಳಲಿ ಎಂದು. ಅಂದರೆ ಹುಟ್ಟುವಾಗಲೇ ಅದು ಅತಿಥಿಗೃಹ. ಗಿರಾಕಿ ಬದಲಾದರು, ಅಷ್ಟೆ. ಅದಕ್ಕಿಂತ ಹತ್ತಿರದ ಉದಾಹರಣೆ ಜಯಲಕ್ಷ್ಮಿಪುರಂನ ಚಿತ್ತರಂಜನ್ ಅರಮನೆ. ರಾಜಕುಮಾರಿಯರಿಗಾಗಿ ಕಟ್ಟಿದ್ದು, ಆಮೇಲೆ ಪ್ರೀಮಿಯರ್ ಸ್ಟುಡಿಯೋ ಆಯಿತು, ಈಗ ಗ್ರೀನ್ ಹೋಟೆಲ್, ಲಾಭವೆಲ್ಲ ದಾನಧರ್ಮಕ್ಕೆ. ಪ್ರೀಮಿಯರ್ ಎಂಬ ಹೆಸರು ಬಂದ ಕೂಡಲೇ ಅಲ್ಲೇ ಕೂತಿದ್ದ ನನ್ನ ಷಡ್ಡಕ ಎಲೆ ಅಡಿಕೆ ಮೆಲ್ಲುವುದನ್ನು ನಿಲ್ಲಿಸಿದ. 1989ರ ಫೆಬ್ರವರಿ 8ರಂದು ಟಿಪ್ಪು ಸುಲ್ತಾನನ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಆ ಸ್ಟುಡಿಯೋಗೆ ಬೆಂಕಿ ಬಿದ್ದು 62 ಜನ ಸತ್ತರು. ನಮ್ಮ ಷಡ್ಡಕ ಅಗ್ನಿಶಾಮಕ ಇಲಾಖೆಯಲ್ಲಿದ್ದು ನಿವೃತ್ತನಾದವನು, ಚಿಕ್ಕನಾಯಕನಹಳ್ಳಿಯವನು. ಸ್ವಲ್ಪ ಹೊತ್ತು ಯಾರೂ ಹೋಟೆಲಿನ ಸುದ್ದಿ ಎತ್ತಲಿಲ್ಲ.

ಆಮೇಲೆ ಅವನೇ ಎತ್ತಿದ. "ನಿಮ್ಮ ಲಂಡನ್ ಠಾಣೆ ಹೋಟೆಲು ಈಗ ಹೆಂಗೈತೆ?"

ಹುಡುಗ ಬಾಯಿಬಿಡಲಿಲ್ಲ. ನಾನು ಪೇಪರಿನಲ್ಲಿ ಓದಿದ್ದೆ. 2025ರ ಫೆಬ್ರವರಿ 14ರಂದು, ಪ್ರೇಮಿಗಳ ದಿನವೇ, ಅದಕ್ಕೆ ಬೆಂಕಿ ಬಿತ್ತು. ಆರಿಸಲು ಬಂದದ್ದು 20 ಗಾಡಿ, ಸುಮಾರು 125 ಸಿಬ್ಬಂದಿ. ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ. ಷಡ್ಡಕನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ; ಇಲಾಖೆಯವನು ನೋಡಿ. "ಠಾಣೆ ಠಾಣೆಯಾಗೇ ಇದ್ದಿದ್ರೆ ಗಾಡಿ ಒಳಗೇ ಇರ್ತಿತ್ತು" ಎಂದಷ್ಟೇ ಅಂದ.

ಅವನು ಅಟ್ಟ ಹತ್ತಿ ನೋಡಿಬಂದು ಹೇಳಿದ ಮಾತುಗಳನ್ನು ಯಾವ ವಾಸ್ತುಶಿಲ್ಪಿಯೂ ಹೇಳಿರಲಿಲ್ಲ. ಹತ್ತಲು ಒಂದೇ ಏಣಿ, ಇಳಿಯಲೂ ಅದೇ ಏಣಿ. ಹೊಗೆ ತುಂಬಿದರೆ ಎಂಟು ಸಾವಿರ ಕೊಟ್ಟವನು ಎಲ್ಲಿಂದ ಹಾರುತ್ತಾನೆ? ಕೆಳಗೆ ಸೌದೆ ಒಲೆ. ಹಿತ್ತಲಲ್ಲಿ ಮಟ್ಟೆಯ ಗುಡ್ಡ. ಮಟ್ಟೆ ಬೆಂಕಿಯ ವಿಷಯಕ್ಕೆ ಬಂದಾಗ ಅವನ ದನಿ ಏರಿತು. ಬೇಸಿಗೆಯಲ್ಲಿ ಇಲಾಖೆಯವರಿಗೆ ಬರುವ ಕರೆಗಳಲ್ಲಿ ಅವನಿಗೆ ಜೀವ ಹಿಂಡಿದ್ದು ಅದೇ. ಮೇಲೆ ನೀರು ಹೊಡೆದರೆ ಆರಿದಂತೆ ಕಾಣುತ್ತದೆ, ನಾರಿನ ಪುಡಿಯ ಒಳಗೊಳಗೇ ಕೆಂಡ ನಡೆಯುತ್ತಿರುತ್ತದೆ. ಗಾಡಿ ಠಾಣೆ ಮುಟ್ಟುವಷ್ಟರಲ್ಲಿ ಮತ್ತೆ ಫೋನು. ಗುಡ್ಡವನ್ನು ಪೂರ್ತಿ ಕೆದಕಿ, ಹರಡಿ, ನೆನೆಸಿದರೇ ಬಿಡುಗಡೆ. ಇನ್ನು ಕೊಬ್ಬರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ. ಹಡಗಿನಲ್ಲಿ ಸಾಗಿಸುವ ಅಪಾಯಕಾರಿ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕೊಬ್ಬರಿಗೂ ಒಂದು ನಂಬರಿದೆ, 1363. ತಾನಾಗಿಯೇ ಕಾವು ಏರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ವರ್ಗ. ಇದನ್ನು ಕೇಳಿದ ಮೇಲೆ ಅಕ್ಕ ದೇವರ ಮನೆಯಲ್ಲಿಟ್ಟಿದ್ದ ಗಿಟುಕನ್ನು ದೀಪದಿಂದ ಎರಡು ಗೇಣು ದೂರ ಸರಿಸಿದಳು.

ಹುಡುಗ ಸುಲಭಕ್ಕೆ ಸೋಲುವವನಲ್ಲ. ಮಲಗಲು ಕೊಟ್ಟಿಗೆ ಕಡೆ ಕೋಣೆ ಕಟ್ಟೋಣ, ಅಟ್ಟವನ್ನು ತೋರಿಸೋಣ ಅಷ್ಟೆ ಎಂದ. ಸುತ್ತಾಡಿಸಲು ಜಾಗಗಳ ಪಟ್ಟಿಯೂ ಸಿದ್ಧವಾಗಿತ್ತು. ತುರುವೇಕೆರೆಯ ಹೊಯ್ಸಳರ ಚೆನ್ನಿಗರಾಯ, ಗಂಗಾಧರೇಶ್ವರನ ಮುಂದಿನ ನುಣುಪು ನಂದಿ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರ, ಅಂದರೆ ತೀ.ನಂ.ಶ್ರೀ. ಹುಟ್ಟಿದೂರು. ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಮಾತ್ರ ಅರ್ಧ ದಿನ ಇಟ್ಟಿದ್ದ, ಅದು ನ್ಯಾಯವೇ. ಅಲ್ಲಿಯ ಕಲ್ಲೇಶ್ವರನ ಗುಡಿಯ ಚಾವಣಿಯಲ್ಲಿ ಕುಣಿಯುವ ಶಿವ, ಸುತ್ತ ಎಂಟು ದಿಕ್ಪಾಲಕರು. ಕತ್ತು ನೋಯುವವರೆಗೂ ನೋಡಬಹುದು. ಆ ಎಂಟರಲ್ಲಿ ಅಗ್ನಿಯೂ ಒಬ್ಬ. ಸಾವಿರ ವರ್ಷದಿಂದ ಅಟ್ಟದಲ್ಲೇ ಕೂತಿದ್ದಾನೆ, ಯಾವ ಇಲಾಖೆಯ ಎನ್‌ಒಸಿಯೂ ಇಲ್ಲದೆ. ಈಸ್ಟ್ ಇಂಡಿಯಾ ಕಂಪನಿ ಕಳಿಸಿದ್ದ ಬುಕಾನನ್ ಸಾಹೇಬ 1800ರಲ್ಲಿ ಈ ಸೀಮೆಯಲ್ಲಿ ಹಾದುಹೋಗುವಾಗ ನಮ್ಮ ತೆಂಗಿನ ತೋಟಗಳ ಬಗ್ಗೆ ಬರೆದಿಟ್ಟದ್ದನ್ನೂ ಹುಡುಗ ಜಾಹೀರಾತಿಗೆ ಸೇರಿಸಿಕೊಂಡಿದ್ದ. ಇನ್ನೂರು ವರ್ಷದ ಹಿಂದೆಯೇ ಬಿಳಿಯರು ಬಂದಿದ್ದರೆಂದರೆ ಈಗಿನವರಿಗೆ ಧೈರ್ಯ ಬರುತ್ತದಂತೆ.

ನನಗನ್ನಿಸುವುದು ಇಷ್ಟು. ಲಂಡನ್ನಿನವರು ಠಾಣೆಯನ್ನು ಹೋಟೆಲು ಮಾಡಬಹುದು. ಗಾಡಿಗಳು ಆಗಲೇ ಬೇರೆಡೆ ಹೋಗಿದ್ದವು. ಕೆಲಸ ಖಾಲಿ ಮಾಡಿಕೊಂಡು ಹೋದ ಮೇಲೆ ಕಟ್ಟಡಕ್ಕೆ ಚಂದ ಬರುತ್ತದೆ, ಗೋಡೆಯ ಗೀರಿಗೂ ಬಾಡಿಗೆ ಹುಟ್ಟುತ್ತದೆ. ಅಕ್ಕನ ಅಟ್ಟಕ್ಕೆ ಇನ್ನೂ ಆ ಯೋಗ ಬಂದಿಲ್ಲ. ಬರದಿರಲಿ ಎಂಬುದು ನನ್ನ ಆಸೆಯಾದರೂ, ಕಾಯಿ ಬಲಿಯಲು ಬಿಡದೆ ಎಳನೀರಿಗೆ ಕೊಯ್ದು ಲಾರಿ ತುಂಬುವವರ ತೋಟ ಹೆಚ್ಚುತ್ತಿರುವುದನ್ನು ನೋಡಿದರೆ, ಊರಿನ ಕೆಲವು ಅಟ್ಟಗಳು ಬೇಗ ಚಂದವಾಗಬಹುದು.

ಅಷ್ಟರಲ್ಲಿ ಹುಡುಗ ಕೊನೆಯ ಬಾಣ ಬಿಟ್ಟ. ಪೇಟೆಯವರು ಬರುವುದು ಮಲಗುವುದಕ್ಕಲ್ಲ, ಅನುಭವಕ್ಕೆ. ಅವರ ಕೈಗೆ ಕೆಲಸ ಕೊಡಬೇಕು. ಕಾಯಿ ಸುಲಿಯುವುದನ್ನು ಹೇಳಿಕೊಟ್ಟರೆ ಅದಕ್ಕೆ ಬೇರೆ ಚಾರ್ಜು.

ಅಕ್ಕ ಅವರೆಕಾಯಿ ಬಿಡಿಸುತ್ತಿದ್ದವಳು ತಲೆಯೆತ್ತಿದಳು. ಸುಲಿಯುವವರು ಸಿಗದೆ, ಸಿಕ್ಕವರು ಬಾರದೆ, ಬಂದವರು ಮುಂಗಡ ತಗೊಂಡು ಮಾಯವಾಗಿ, ಎರಡು ಸುಗ್ಗಿಯಿಂದ ಅವಳು ಪಟ್ಟ ಪಾಡು ಊರಿಗೆಲ್ಲ ಗೊತ್ತು.

"ಅವರು ಸುಲೀತಾರೆ, ದುಡ್ಡು ನಾವು ಕೊಡಬೇಕಾ?"

"ಇಲ್ಲಮ್ಮ, ಅವರೇ ನಮಗೆ ಕೊಡ್ತಾರೆ."

"ಊಟನೂ ಅವರದೇ ದುಡ್ಡಲ್ಲಾ?"

"ಹೂಂ."

"ನಲವತ್ತು ಜನ ಬರ್ತಾರೇನೋ?"

ಷಡ್ಡಕ ಕೆಮ್ಮಿದ. ನಲವತ್ತಾದರೆ ಎರಡು ಬಾಗಿಲು, ಮರಳಿನ ಬಕೀಟು, ನೀರಿನ ತೊಟ್ಟಿ ಬೇಕು ಎಂದ. ಇಡಿಸಿದರಾಯಿತು ಎಂದಳು ಅಕ್ಕ. ಅವಳಿಗೆ ಒಂದೇ ಒಂದು ಷರತ್ತು.

"ಸುಲಿಯೋದು ಎಷ್ಟಾದರೂ ಸುಲೀಲಿ. ಚಿಪ್ಪು ಒಡೆಯೋದು ಮಾತ್ರ ನಮ್ಮೋರೇ. ಹಟ ಹಿಡಿದು ಒಡೀತೀನಿ ಅಂದರೆ ಒಡೀಲಿ, ಚೂರಾದರೆ ಅವತ್ತಿನ ತಿಪಟೂರು ರೇಟು ನೋಡಿ ಬಿಲ್ಲಿಗೆ ಸೇರಿಸು."